ಮಗ್ಗದ ಸದ್ದು ಕತ್ತಲ ಕೋಣೆಯಾಗ ಇಟ್ರ ಕಲೆನೋ, ಕಿರಿಕಿರಿನೋ? ಮಿದುಳಿನ ಬಗ್ಗೆ ಓದಿದವ್ರು, ಸಂಗೀತದವ್ರು ಹೇಳ್ರಿ

ಗುಮ್ಮಟದ_ಓಣಿ · ವಿಜಯಪುರ

ಎಲ್ಲಾರಿಗೂ ಶರಣು. ನಾನು ಚಿತ್ರಕಲಾ ಓದಿದಾಂವ. ಚಳಿಗಾಲದಾಗ ಗೆಳ್ಯಾರೆಲ್ಲ ಕೂಡಿ ಒಂದು ಪ್ರದರ್ಶನ ಮಾಡೋ ವಿಚಾರ ಅದ. ನನ್ನ ಪಾಲಿಗೆ ಚಿತ್ರ ಇಲ್ಲ, ಮೂರ್ತಿ ಇಲ್ಲ. ಒಂದು ಕತ್ತಲ ಕೋಣೆ, ಒಳಗ ಬರೇ ಸದ್ದು. ಇಳಕಲ್ಲಿನ ಕುಣಿಮಗ್ಗದಾಗ ಹಣಿಗಿ ಬಡಿಯೋದು, ಬನಹಟ್ಟಿ ಕಡೆ ಪಾವರ್‌ಲೂಮಿನ ಖಟಾಖಟಿ, ಸವದತ್ತಿ ಗುಡ್ಡದ ಚೌಡಿಕಿ ಅನ್ನೋ ತಂತಿವಾದ್ಯ, ನಮ್ಮೂರ ಬಸ್‌ಸ್ಟ್ಯಾಂಡ್. ಇವನ್ನೆಲ್ಲ ರೆಕಾರ್ಡ್ ಮಾಡಿ ಒಂದರ ಮ್ಯಾಲ ಒಂದು ಹಾಕಬೇಕು.

ಜೊತಿಗಾರ ಒಬ್ಬಾಂವ ಕೊಕ್ಕಿ ಹಾಕ್ಲಿಕತ್ಯಾನ. ಮಿದುಳಿಗೆ ಬೇಕಾಗೋದು ಲಯ, ಸ್ವರ. ಗದ್ದಲ ಅಂದ್ರ ಮಿದುಳು ದೂರ ತಳ್ಳೋ ಕಸ, ಅದನ್ನ ಕಲೆ ಅಂತ ಮಂದಿ ಮುಂದ ಇಟ್ರ ಬೈಸ್ಕೋತಿ ಅಂತಾನ. ಆದ್ರ ಮಿದುಳಿನೊಳಗನ ಗದ್ದಲ ಇರ್ತದ, ಅದು ಕೆಲಸಕ್ಕೂ ಬರ್ತದ ಅಂತ ನಾ ಎಲ್ಲೋ ಓದೇನಿ. ಖರೇ ಏನು? ಆಮ್ಯಾಲ ಮಳಿ ಸದ್ದಿಗೆ ನಿದ್ದಿ ಬರ್ತದ, ಡಿಜೆ ಸದ್ದಿಗೆ ಎದಿ ಹೊಡಕೋತದ. ಎರಡೂ ಗದ್ದಲನ ಅಲ್ಲೇನು?

ಸುಮ್ಕಿರ್ರಿ · ಬೆಳಗಾವಿ

ಗಣಪತಿ ಕಳಿಸಿದ ಮ್ಯಾಲಿಂದ ನನ್ನ ಕಿವಿ ಇನ್ನೂ ಗುಂಯ್ ಅನ್ನಾಕತ್ತಾವು. ನೀವು ಅದನ್ನ ಕತ್ತಲ ಕೋಣಿಯೊಳಗ ಕುಂಡ್ರಿಸಿ ಕೇಳಸ್ತೀರಿ? ಟಿಕೀಟು ನೀವ ನಮಗ ಕೊಡಬೇಕು ನೋಡ್ರಿ, ರೊಕ್ಕದ ಸಮೇತ.

ತಂಬೂರಿ_ಅಕ್ಕ · ಬೆಳಗಾವಿ

ತಮ್ಮಾ, ನಿನ್ನ ಗೆಳೆಯ ತಂಬೂರಿ ಶ್ರುತಿ ಮಾಡೋದನ್ನ ಹತ್ತಿರದಿಂದ ನೋಡಿಲ್ಲ ಅನಸ್ತದ. ನಾಲ್ಕೂ ತಂತಿ ಸ್ವರಕ್ಕ ಕೂತ ಮ್ಯಾಲನೂ ನಮಗ ಸಮಾಧಾನ ಇರೂದಿಲ್ಲ. ಕುದುರಿ, ಅಂದ್ರ ತಂತಿ ಹಾಯ್ದು ಹೋಗೋ ಪಟ್ಟಿ, ಅದರ ಮ್ಯಾಲ ತಂತಿ ಅಡಿಗೆ ಒಂದು ಹತ್ತಿ ದಾರ ಸೇರಿಸಿ, ಕೂದಲೆಳಿಯಷ್ಟು ಹಿಂದ, ಕೂದಲೆಳಿಯಷ್ಟು ಮುಂದ ಸರಸ್ತೀವಿ. ಒಂದು ಜಾಗಕ್ಕ ಬಂತಂದ್ರ ತಂತಿ ಝೇಂ ಅಂತ ಬಿಚ್ಚಿಕೋತದ. ಅದ ಜವಾರಿ. ದಾರ ತೆಗೀರಿ, ಸ್ವರ ಅದ ಇರ್ತದ, ಆದ್ರ ಸಪ್ಪಗ, ಮುದುಡಿಕೊಂಡು. ಅದರ ಜೊತಿ ಹಾಡಾಕ ಮನಸ್ಸ ಬರೂದಿಲ್ಲ.

ಅಂದ್ರ ನಮ್ಮ ಹಿರ್ಯಾರು ಆ ಗುಂಗಾಟಾನ ಕಸ ಅಂತ ತೆಗದು ಹಾಕಲಿಲ್ಲ, ದಾರ ಕೊಟ್ಟು ಕರದು ಕುಂಡ್ರಿಸಿದ್ರು. ಸರ್ ಸಿ. ವಿ. ರಾಮನ್ 1921ರಾಗ ಇದರ ಮ್ಯಾಲ ಬರದಾರ. ತಂತಿಯನ್ನ ಒಂದು ನಿರ್ದಿಷ್ಟ ಜಾಗಕ್ಕ ಮೀಟಿದ್ರ ಕೆಲವು ಉಪಸ್ವರ (ಮೂಲ ಸ್ವರದ ಜೊತಿ ಏಳೋ ಮ್ಯಾಲಿನ ಸ್ವರ) ಹುಟ್ಟಲೇಬಾರದು ಅಂತ ಪಶ್ಚಿಮದ ನಿಯಮ ಇತ್ತು. ನಮ್ಮ ತಂಬೂರಿ, ವೀಣಾದಾಗ ಆ ಬಿಟ್ಟುಹೋಗಬೇಕಾದ ಉಪಸ್ವರನೂ ಕೇಳಸ್ತಾವು ಅಂತ ತೋರಿಸಿದ್ರು. ಅಗಲ, ಸ್ವಲ್ಪ ಬಾಗಿದ ಕುದುರಿಗೆ ತಂತಿ ಸವರಿಕೊಂಡು ಹೋಗೂದರಿಂದ ಅದು.

ನಮ್ಮ ಬಾಜೂಕಿನ ಸುಳೇಭಾವಿಯಾಗ 1924ರಾಗ ಹುಟ್ಟಿದ ಕುಮಾರ ಗಂಧರ್ವರ ತಂಬೂರಿ ಮೇಳದ ಬಗ್ಗೆ ಹಳೇ ಮಂದಿ ಈಗಲೂ ಮಾತಾಡ್ತಾರ. ಮೊಬೈಲಿನ ತಂಬೂರಿ ಆ್ಯಪ್ ಹಚ್ಚಿಕೊಂಡು ಕೂಡೋ ನನ್ನ ವಿದ್ಯಾರ್ಥಿಗಳಿಗೆ ಈ ದಾರ ಸರಿಸೋ ಕೆಲಸಾನ ಗೊತ್ತಿಲ್ಲ. ಇರ್ಲಿ, ಅದು ಬ್ಯಾರೇ ಪುರಾಣ.

ನರಕೋಶ · ಬೆಳಗಾವಿ

ಅಕ್ಕಾರ, ಮಾತು ಭಾಳ ಚಲೋ, ಆದ್ರ ಒಂದು ತಕರಾರು. ಜವಾರಿಯನ್ನ ಗದ್ದಲದ ಲೆಕ್ಕಕ್ಕ ಹಾಕಬ್ಯಾಡ್ರಿ. ಅದು ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ಹತ್ತು ಪಟ್ಟು, ಹಿಂಗ ಕ್ರಮವಾಗಿ ಬರೋ ಉಪಸ್ವರಗಳ ಗೊಂಚಲು. ಪ್ರತಿ ಸುತ್ತೂ ಹಿಂದಿನ ಸುತ್ತಿನಂಗ ಇರ್ತದ. ಗದ್ದಲ ಅಂದ್ರ ಮುಂದಿನ ಕ್ಷಣ ಏನು ಬರ್ತದ ಅಂತ ಹಿಂದಿನದನ್ನ ನೋಡಿ ಹೇಳಾಕ ಆಗಬಾರದು. ಗೆಜ್ಜಿ ಅಲುಗಿದ್ದು, ಬಾನ್ಸುರಿಯೊಳಗಿನ ಉಸಿರು, ಹಲಗಿಗೆ ಮೊದಲ ಏಟು ಬಿದ್ದ ಕ್ಷಣ, ಅವು ಗದ್ದಲಕ್ಕ ಹತ್ತಿರ.

ಈಗ ಗುಮ್ಮಟದವ್ರ ಪ್ರಶ್ನೆ. ಹೌದು, ಮಿದುಳಿನೊಳಗ ಗದ್ದಲ ಖರೇನ ಇದೆ. ಒಂದ ಚಿತ್ರವನ್ನ ಹತ್ತು ಸಲ ತೋರಿಸಿದ್ರೂ ಒಂದ ನರಕೋಶ ಹತ್ತೂ ಸಲ ಒಂದ ನಮೂನಿ ಉತ್ತರ ಕೊಡೋದಿಲ್ಲ. ಎರಡು ನರಕೋಶ ಕೂಡೋ ಜಾಗದಾಗ ಸಂದೇಶ ಬಂದ್ರೂ ಎಷ್ಟೋ ಸಲ ರಾಸಾಯನಿಕ ಬಿಡುಗಡೆ ಆಗೋದಿಲ್ಲ. ನೀವು ಕಣ್ಣು ಮುಚ್ಚಿ ಸುಮ್ಮನ ಕೂತ್ರೂ ಒಳಗ ಮಿಡಿತ ನಿಲ್ಲೋದಿಲ್ಲ. ದೇಹದ ತೂಕದಾಗ ಮಿದುಳಿನ ಪಾಲು ಶೇಕಡಾ 2ರಷ್ಟು, ತಿನ್ನೋ ಶಕ್ತಿ ಶೇಕಡಾ 20ರಷ್ಟು. ಅದರಾಗ ಬಹುಪಾಲು ಈ ಒಳಗಿನ ಓಡಾಟಕ್ಕೇ ಹೋಗ್ತದೆ.

ಕೆಲಸಕ್ಕ ಬರೋದು ಹೆಂಗ? ನರಕೋಶಕ್ಕ ಒಂದು ಹೊಸ್ತಿಲು ಇರ್ತದೆ. ಬಂದ ಸಂಕೇತ ಅದನ್ನ ದಾಟಿದ್ರ ಮಿಡೀತದ, ಇಲ್ಲಂದ್ರ ಸುಮ್ಮನ. ಕಾಲುವಿ ನೀರು ಒಡ್ಡಿಗಿಂತ ಒಂದು ಬೆರಳು ಕೆಳಗ ಏರಿಳೀತಿದೆ ಅಂತ ತಿಳ್ಕೊಳ್ರಿ. ಆಚಿ ಹೊಲದವ್ನಿಗೆ ನೀರು ಬಂದದ್ದ ಗೊತ್ತಾಗೋದಿಲ್ಲ. ಸಣ್ಣ ಗಾಳಿ ಬಂದು ನೀರು ತುಳುಕಿದ್ರ, ನೀರು ಏರಿದಾಗೆಲ್ಲ ನಾಲ್ಕು ಹನಿ ಆಚಿಗೆ ಹಾರ್ತಾವ, ಇಳಿದಾಗ ಹಾರೋದಿಲ್ಲ. ಆ ಹನಿ ನೋಡೇ ಏರಿಳಿತ ತಿಳೀತು. ಬಿರುಗಾಳಿ ಆದ್ರ ಯಾವಾಗಲೂ ನೀರು ಚೆಲ್ತದ, ಮತ್ತ ಏನೂ ತಿಳಿಯೋದಿಲ್ಲ.

ಇದನ್ನ ಸ್ಟೊಕ್ಯಾಸ್ಟಿಕ್ ರೆಸೊನೆನ್ಸ್ ಅಂತಾರ. 1981ರಾಗ ಇಟಲಿಯವ್ರು ಹಿಮಯುಗ ಯಾಕ ಮರಳಿ ಮರಳಿ ಬರ್ತಾವ ಅನ್ನೋ ಪ್ರಶ್ನೆಗೆ ಕಟ್ಟಿದ ಲೆಕ್ಕ. 1993ರಾಗ ಸಿಗಡಿ ಜಾತಿಯ ಕ್ರೇಫಿಶ್‌ನ ಸ್ಪರ್ಶನರದಾಗ ಇದನ್ನ ಅಳೆದು ತೋರಿಸಿದ್ರು. 2003ರಾಗ ವಯಸ್ಸಾದವ್ರ ಅಂಗಾಲಿಗೆ, ಅವ್ರಿಗೂ ಗೊತ್ತಾಗದಷ್ಟು ಸಣ್ಣ ಅಡ್ಡಾದಿಡ್ಡಿ ಕಂಪನ ಕೊಟ್ರ ನಿಂತಾಗಿನ ಓಲಾಟ ಕಡಿಮಿ ಆಯ್ತು. ಅಂದ್ರ ಗದ್ದಲ ಸೇರಿಸಿದ್ದಕ್ಕ ಪಾದದ ಸುದ್ದಿ ಮಿದುಳಿಗೆ ಚೊಲೋ ಮುಟ್ತು.

ನೆನಪಿಡಬೇಕಾದ್ದು ಪ್ರಮಾಣ. ಸ್ವಲ್ಪ ಇದ್ರ ಲಾಭ, ಹೆಚ್ಚಾದ್ರ ಎಲ್ಲಾ ಹಾಳು. ಮಳಿ, ಡಿಜೆ ಎರಡಕ್ಕೂ ಉತ್ತರ ಅರ್ಧ ಇಲ್ಲೇ ಇದೆ.

ಲಾಳಿ_ಬನಹಟ್ಟಿ · ಬಾಗಲಕೋಟೆ ಜಿಲ್ಲಾ

ಎಲ್ಲಾರೂ ದೊಡ್ಡ ದೊಡ್ಡ ಮಾತಾಡಾಕತ್ತೀರಿ, ನಾ ಸಣ್ಣದೊಂದು ಹೇಳ್ತೀನಿ. ನಮ್ಮ ಮನಿ ಹಿಂದ ಪಾವರ್‌ಲೂಮ್ ಶೆಡ್ ಐತಿ. ನಾ ತೊಟ್ಟಲದಾಗ ಇದ್ದಾಗಿಂದ ಆ ಸದ್ದು ಕೇಳ್ಕೋತ ಬೆಳದೀನಿ. ಕರೆಂಟ್ ಹೋತಂದ್ರ ನಮ್ಮ ಓಣಿಯಾಗಿನ ಹುಡುಗ್ರು ನಿದ್ದಿಯಿಂದ ಎದ್ದು ಕುಂಡ್ರತಾವು. ಸದ್ದು ನಿಂತದ್ದಕ್ಕ ಎಚ್ಚರ ಆಗ್ತೈತ್ರಿ.

ನಮ್ಮ ಅಪ್ಪಾರಿಗೆ ಶೆಡ್ಡಿನ್ಯಾಗ ಎಲ್ಲಾ ಮಗ್ಗ ಓಡತಿರತಾವು, ಒಂದು ಮಗ್ಗದ ಲಾಳಿ ಪೆಟಗಿಯೊಳಗ ಬರೋಬ್ಬರಿ ಕೂಡಲಿಲ್ಲಂದ್ರ ಬೆನ್ನು ಮಾಡಿ ನಿಂತಾಗಲೂ ತಿಳೀತಿತ್ತು. ನಮಗ ಎಲ್ಲಾ ಒಂದ ಖಟಖಟ. ಅವ್ರು ಸೀದಾ ಆ ಮಗ್ಗದ ಹಂತೇಕ ಹೋಗಿ ಕೈ ಇಡ್ತಿದ್ರು.

ಈಗ ಅದ ಅಪ್ಪಾರಿಗೆ ಫೋನಿನ್ಯಾಗ ಮೊಮ್ಮಗಳ ಮಾತು ಕೇಳೂದಿಲ್ಲ. "ಸಕ್ಕರಿ" ಅಂದ್ರ "ಅಕ್ಕರಿ" ಅಂತಾರ. ಮದವಿ ಮನಿಯಾಗ ಮೂಲಿಗೆ ಕುಂತು ನಕ್ಕೋತ ಇರ್ತಾರ, ಯಾರ ಏನ್ ಅಂದ್ರೂ ತಲಿ ಆಡಸ್ತಾರ. ಶೆಡ್ಡಿನ್ಯಾಗ ಹಾಕಿಕೊಳ್ಳಾಕ ಏನಾರ ಕೊಡ್ರಿ ಅಂತ ಮೊದಲು ಒಂದು ಕಡೆ ಕೇಳಿದ್ರ, "ನೇಕಾರ್ರಿಗೆ ರೂಢಿ ಇರ್ತೈತಿ ಬಿಡ್ರಿ" ಅಂದಿದ್ರು.

ಅದಕ್ಕ ಗುಮ್ಮಟದ ಅಣ್ಣಾರ, ನಿಮ್ಮ ಕೋಣಿಯಾಗ ಹತ್ತು ನಿಮಿಷ ಕೇಳಿ "ವಾ ವಾ" ಅಂದು ಚಾ ಕುಡಿಯಾಕ ಹೋಗೋರಿಗೆ ಅದು ಕಲೆ. ದಿನಾ ಎಂಟು-ಹತ್ತು ತಾಸು ಅದರಾಗ ಇರೋರಿಗೆ ಏನಂತ ಹೆಸರಿಡ್ತೀರಿ?

ಕಿವಿ_ಡಾಕ್ಟ್ರು · ಬಾಗಲಕೋಟೆ

ಲಾಳಿಯವರ ತಂದೆಯವರಿಗೆ ಆಗಿರುವುದು ನಾನು ವಾರವಾರ ನೋಡುವ ಕತೆ. ಒಳಗಿವಿಯ ಶಂಖದಲ್ಲಿ ಸದ್ದನ್ನು ನರಕ್ಕೆ ತಲುಪಿಸುವ ಕೂದಲಕೋಶಗಳು ಒಂದು ಕಿವಿಗೆ ಸುಮಾರು 3,500, ಅವಕ್ಕೆ ಬಲ ಕೊಡುವ ಹೊರಸಾಲಿನವು ಸುಮಾರು 12,000. ಗದ್ದಲಕ್ಕೆ ಮೊದಲು ಸಾಯುವುದು ಈ ಹೊರಸಾಲು. ಅದೂ ಸಾಮಾನ್ಯವಾಗಿ 4,000 ಹರ್ಟ್ಸ್ ಆಸುಪಾಸಿನ ಜಾಗದಲ್ಲಿ ಶುರು. ಸ, ಶ, ತ ಇಂಥ ವ್ಯಂಜನಗಳ ಚೂಪು ಇರುವುದು ಮೇಲಿನ ಕಂಪನಾಂಕಗಳಲ್ಲೇ. ಹಾಗಾಗಿ ರೋಗಿ "ಕೇಳತೈತ್ರಿ, ತಿಳಿಯಂಗಿಲ್ಲ" ಅನ್ನುತ್ತಾನೆ. ಮನೆಯವರು "ಬೇಕಂತ ಮಾಡ್ತಾರ" ಅನ್ನುತ್ತಾರೆ.

ಲೆಕ್ಕ ಹೀಗಿದೆ: ದಿನಕ್ಕೆ ಎಂಟು ತಾಸು ಇರುವುದಾದರೆ 85 ಡೆಸಿಬಲ್ ಮೇಲ್ಮಿತಿ. ಪ್ರತಿ 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯಬೇಕು. 88ಕ್ಕೆ ನಾಲ್ಕು ತಾಸು, 91ಕ್ಕೆ ಎರಡು, 94ಕ್ಕೆ ಒಂದೇ. ಪಾವರ್‌ಲೂಮ್ ಶೆಡ್‌ಗಳಲ್ಲಿ 90 ದಾಟುವುದು ಸಾಮಾನ್ಯ. "ರೂಢಿ" ಎಂಬ ಮಾತು ಬಂತಲ್ಲ, ರೂಢಿ ಆಗುವುದು ಮಿದುಳಿಗೆ. ಕಿವಿಗೆ ಆಗುವುದಿಲ್ಲ. ಕಿವಿ ಸುಮ್ಮನೆ ಸವೆಯುತ್ತದೆ.

ಇನ್ನೊಂದು ವಿಷಯ. ಕಿವಿಯಿಂದ ಸುದ್ದಿ ಬರುವುದು ಕಡಿಮೆಯಾದಾಗ ಮಿದುಳು ತನ್ನ ಕಡೆಯಿಂದ ವಾಲ್ಯೂಮ್ ಏರಿಸುತ್ತದೆ ಎಂಬುದು ಇವತ್ತಿನ ಮುಖ್ಯ ವಿವರಣೆ. ಏರಿಸಿದಾಗ ಒಳಗಿನ ಮಿಡಿತವೇ ಸದ್ದಾಗಿ ಕೇಳುತ್ತದೆ. ಸುಮ್ಕಿರ್ರಿಯವರ "ಗುಂಯ್" ಅದೇ ಇರಬಹುದು. ಎರಡು ದಿನದಲ್ಲಿ ಇಳಿಯದಿದ್ದರೆ ತಡ ಮಾಡದೆ ಕಿವಿ ತೋರಿಸಿರಿ, ಇದನ್ನು ತಮಾಷೆಗೆ ಹೇಳುತ್ತಿಲ್ಲ.

ನಿರ್ವಾಹಕ

ಈ ನಡುವೆ ಡಿಜೆ ಬೇಕು-ಬೇಡ ಅಂತ ಬಂದ ಹತ್ತಾರು ಬರಹ ತೆಗೆದಿದ್ದೇನೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಅಷ್ಟು ಓದಿಕೊಂಡು ಮುಂದುವರಿಯಿರಿ. ಯಾವ ಓಣಿಯ ಮಂಡಳಿ ದೊಡ್ಡದು ಎಂಬುದು ಇಲ್ಲಿ ಬೇಡ.

ಗುಮ್ಮಟದ_ಓಣಿ

ಲಾಳಿ ಅಣ್ಣಾ, ನಿಮ್ಮ ಪ್ರಶ್ನೆಗೆ ಉತ್ತರ ಇನ್ನೂ ನನ್ನ ಹತ್ರ ಇಲ್ಲ. ಸದ್ದಿನ ಮಟ್ಟ 70 ದಾಟಿಸೂದಿಲ್ಲ ಅನ್ನೋದಂತೂ ಖಾತ್ರಿ. ನರಕೋಶ ಸರ, ಒಂದು ಕೇಳ್ತೀನಿ. ಅಂಗಾಲಿನ ಕತಿ ಸರಿ, ಅದು ಗ್ರಹಿಸೋ ಮಾತು. ಕಟ್ಟೋದಕ್ಕ, ಹೊಸಾದು ಹುಟ್ಟಸೋದಕ್ಕ ಗದ್ದಲ ಬೇಕಾ?

ನರಕೋಶ

ಬೇಕು. ಇದಕ್ಕ ನನಗ ಗೊತ್ತಿರೋ ಅತಿ ಚಂದದ ಸಾಕ್ಷಿ ಝೀಬ್ರಾ ಫಿಂಚ್ ಅನ್ನೋ ಗುಬ್ಬಿಯಷ್ಟು ಹಕ್ಕಿ. ಗಂಡುಮರಿ ತಂದಿ ಹಾಡು ಕೇಳಿ ಕಲೀತದ. ಮೊದಮೊದಲು ಕೂಸಿನ ತೊದಲಿನಂಗ ಅಡ್ಡಾದಿಡ್ಡಿ, ಆಮೇಲೆ ಒಂದು ಹಾಡು ಗಟ್ಟಿ ಆಗ್ತದ. ಈ ಅಡ್ಡಾದಿಡ್ಡಿ ಎಲ್ಲಿಂದ ಬರ್ತದ? ಕಲಿಯದ್ದಕ್ಕ, ಗಂಟಲು ಬಲಿಯದ್ದಕ್ಕ ಅಂತ ಅನಿಸ್ತದ ಅಲ್ಲ? 2005ರಾಗ ತಿಳಿದದ್ದು ಬ್ಯಾರೆ. ಆ ಹಕ್ಕಿ ಮಿದುಳಿನ ಎಲ್‌ಮ್ಯಾನ್ ಅನ್ನೋ ಭಾಗವನ್ನ ತಾತ್ಪೂರ್ತಿಕ ಸುಮ್ಮನಾಗಿಸಿದ ಕೂಡಲೇ ಮರಿಹಕ್ಕಿಯ ತೊದಲು ನಿಂತು, ಒಂದೇ ತುಣುಕು ಯಂತ್ರದಂಗ ಮತ್ತ ಮತ್ತ ಬಂತು. ಅಂದ್ರ ಹಾಡಿನೊಳಗ ಏರುಪೇರು ತುಂಬಾಕಂತಲೇ ಮಿದುಳು ಒಂದು ಜಾಗ ಇಟ್ಟಿದೆ.

ಬೆಳೆದ ಹಕ್ಕಿ ಹೆಣ್ಣಿನ ಮುಂದ ಹಾಡುವಾಗ ಆ ಭಾಗದ ಏರುಪೇರು ತಗ್ತದ, ಹಾಡು ಅಚ್ಚುಕಟ್ಟು. ಒಬ್ಬಂಟಿ ಹಾಡುವಾಗ ಏರುಪೇರು ಹೆಚ್ಚು. 2007ರಾಗ ಇನ್ನೊಂದು ಪ್ರಯೋಗ: ಬೆಂಗಾಲೀಸ್ ಫಿಂಚ್ ಒಂದು ಸ್ವರವನ್ನ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗ ಹಾಡಿದಾಗೆಲ್ಲ ಒಂದು ಚಿಟಿಕೆ ಬಿಳಿಗದ್ದಲ (ಎಲ್ಲಾ ಕಂಪನಾಂಕ ಸಮ ಕೂಡಿದ ಸರ್ರ್ ಅನ್ನೋ ಸದ್ದು) ಕೇಳಿಸಿದ್ರು. ಹಕ್ಕಿ ಆ ಸ್ವರವನ್ನ ಮೆಲ್ಲಗ ಮ್ಯಾಲ ಸರಿಸಿತು. ಹಾಡು ಗಟ್ಟಿಯಾದ ಮೇಲೂ ಸ್ವರ ಕೂದಲೆಳಿಯಷ್ಟು ಅಲುಗಾಡ್ತಿತ್ತಲ್ಲ, ಆ ಅಲುಗಾಟ ಇದ್ದದ್ದಕ್ಕೇ ತಿದ್ದಿಕೊಳ್ಳಾಕ ದಾರಿ ಸಿಕ್ತು.

ಲಾಳಿಯವ್ರ ಅಪ್ಪಾರ ಮಾತೂ ಇದಕ್ಕ ಹತ್ತಿರ. ಒಂದೇ ಸದ್ದು ಮರಳಿ ಬರ್ತಿದ್ರ ಮಿದುಳು ಮುಂದಿನದನ್ನ ಮೊದಲೇ ಊಹಿಸಿ ತಣ್ಣಗಾಗ್ತದ. ಊಹೆ ತಪ್ಪಿದ ಸದ್ದಿಗೆ ಮಾತ್ರ, ಗಮನ ಬೇರೆ ಕಡೆ ಇದ್ರೂ, ಸೆಕೆಂಡಿನ ಕಾಲು ಭಾಗದೊಳಗ ಒಂದು ವಿದ್ಯುತ್ ಅಲೆ ಏಳ್ತದ. 1978ರಿಂದ ಇದನ್ನ ತಲಿ ಮ್ಯಾಲ ತಂತಿ ಅಂಟಿಸಿ ಅಳೀತಿದ್ದಾರೆ. ಕರೆಂಟ್ ಹೋದಾಗ ಹುಡುಗ್ರು ಏಳೋದು, ಅಪ್ಪಾರು ಹಿಂದಿನ ಮಗ್ಗ ಗುರ್ತಿಸೋದು, ಎರಡಕ್ಕೂ ಬೇರು ಈ ಊಹೆನೇ. ಅವ್ರ ಕಿವಿಗೆ ಅದು ಗದ್ದಲ ಆಗಿರಲೇ ಇಲ್ಲ.

ತಂಬೂರಿ_ಅಕ್ಕ

ಹಕ್ಕಿ ಕತಿ ಕೇಳಿ ಖುಷಿ ಆತು. ಏಕಾಂತದಾಗ ಅಲೆದಾಟ, ಮಂದಿ ಮುಂದ ಅಚ್ಚುಕಟ್ಟು. ರಿಯಾಜಿಗೂ ಬೈಠಕ್ಕಿಗೂ ಇರೋ ಫರಕು ಅದ ಅಲ್ಲೇನ್ರಿ? ಆದ್ರ ನಮ್ಮಲ್ಲಿ ಉಲ್ಟಾನೂ ಐತಿ. ದೊಡ್ಡ ಗವಾಯಿಗಳು ಮಂದಿ ಮುಂದನ ದಾರಿ ಬಿಡ್ತಾರ, ತಪ್ಪೋ ಅಂಚಿಗೆ ಹೋಗಿ ಸಮ್‌ಗೆ, ಅಂದ್ರ ತಾಳದ ಮೊದಲ ಏಟಿಗೆ, ಬಂದು ಕೂಡ್ತಾರ. ನಿಮ್ಮ ಗುಬ್ಬಿ ಅಷ್ಟು ಧೈರ್ಯ ಮಾಡೂದಿಲ್ಲ ಅಂದಂಗಾತು. ಜವಾರಿ ಬಗ್ಗೆ ನಿಮ್ಮ ತಕರಾರು ಒಪ್ಪಿದೆ, ಅರ್ಧ ಮಾತ್ರ. ದಾರ ಸರಿಸೋ ಕೈಗೆ ಅದು ಕ್ರಮ ಅಂತ ಗೊತ್ತಿರೂದಿಲ್ಲ, ಹುಡುಕಾಟ ಅಷ್ಟ.

ಸುಮ್ಕಿರ್ರಿ

ನಾನೂ ಒಂದು ಕೇಳ್ತೀನಿ, ಈ ಸಲ ಕುಚೇಷ್ಟೆ ಅಲ್ಲ. ಕತ್ತಲ ಕೋಣಿಯಾಗ ಗದ್ದಲ ಹಚ್ಚಿದ್ರ ಮಂದಿ ಇಲ್ಲದ್ದೆಲ್ಲಾ ಕೇಳಿಸ್ಕೊಂಡು "ಆಹಾ ಏನ್ ಅರ್ಥ" ಅಂತಾರ. ಅದು ಕಲಾವಿದನ ಹೆಚ್ಚುಗಾರಿಕಿ ಏನು, ಕೇಳೋರ ಹುಚ್ಚು ಏನು?

ಹಳೇ_ರೇಡಿಯೊ · ಗೋಕಾಕ

ಸುಮ್ಕಿರ್ರಿಯವ್ರ, ನಿಮ್ಮ ಅನುಮಾನ ಭಾಳ ಸರಿ. 2001ರಾಗ ನೆದರ್ಲೆಂಡ್ಸ್‌ನ ವಿದ್ಯಾರ್ಥಿಗಳಿಗೆ ಬರೇ ಬಿಳಿಗದ್ದಲ ಕೇಳಿಸಿ, ಇದರೊಳಗ ಒಂದು ಹೆಸರಾದ ಕ್ರಿಸ್‌ಮಸ್ ಹಾಡು ಮೆಲ್ಲಗ ಇರಬಹುದು, ಕೇಳಿದ್ರ ಗುಂಡಿ ಒತ್ರಿ ಅಂದ್ರು. ಹಾಡು ಹಾಕೇ ಇರಲಿಲ್ಲ. ಸುಮಾರು ಮೂವರಲ್ಲಿ ಒಬ್ಬರು ಒತ್ತಿದ್ರು!

ಆದ್ರ ಇದನ್ನ ಹುಚ್ಚು ಅನ್ನಾಕ ನಾ ತಯಾರಿಲ್ಲ. ಐನೂರು ವರ್ಷದ ಹಿಂದ ಲಿಯೊನಾರ್ಡೊ ಚಿತ್ರಕಾರರಿಗೆ ಕಲೆ ಬಿದ್ದ ಗೋಡಿ ನೋಡ್ರಿ, ಅದರಾಗ ಬೆಟ್ಟ, ಯುದ್ಧ, ಮಾರಿ ಕಾಣಸ್ತಾವು ಅಂತ ಹೇಳಿದ್ದ. ಗಂಟಿ ಸದ್ದಿನ್ಯಾಗ ಬೇಕಾದ ಹೆಸರು ಕೇಳಸ್ತಾವು ಅಂತನೂ ಸೇರಿಸಿದ್ದ. ಅಂದ್ರ ಇದು ಹಳೇ ಹತಾರ. ನಾನು ಸಣ್ಣಾಂವ ಇದ್ದಾಗ ರಾತ್ರಿ ಶಾರ್ಟ್‌ವೇವ್ ತಿರುವಿಕೋತ ಎರಡು ಸ್ಟೇಶನ್ ನಡುವಿನ ಸರ್ರ್ ಸದ್ದಿನ್ಯಾಗ ಎಷ್ಟೋ ದೇಶ ಕಂಡೀನಿ.

ಪೂರ್ತಿ ಮೌನದಾಗೂ ಅದ ಗತಿ. ಅಮೆರಿಕದ ಸಂಗೀತಕಾರ ಜಾನ್ ಕೇಜ್ ಹಾರ್ವರ್ಡಿನ ಸದ್ದಿಲ್ಲದ ಕೋಣಿಗೆ ಹೋಗಿ ಹೊರಗ ಬಂದು, ಒಳಗ ಒಂದು ಎತ್ತರದ್ದು, ಒಂದು ಕೆಳಗಿನದ್ದು, ಎರಡು ಸದ್ದು ಕೇಳಿದ್ವು ಅಂದ. ನಿನ್ನ ನರಮಂಡಲದ್ದು, ರಕ್ತದ್ದು ಅಂತ ಅಲ್ಲಿಯವ್ರು ಹೇಳಿದ್ರಂತ. ನರಮಂಡಲದ ಮಾತು ಈಗ ಯಾರೂ ಒಪ್ಪೂದಿಲ್ಲ, ಡಾಕ್ಟ್ರು ಹೇಳಿದ ಗುಂಯ್ ಅನ್ನೋದ ಹೆಚ್ಚು ಸರಿ. 1953ರಾಗ ಕಿವಿ ಚಲೋ ಇದ್ದ 80 ಮಂದಿನ್ನ ಹಂಥಾ ಕೋಣಿಯಾಗ ಕುಂಡ್ರಿಸಿದ್ರು, ಶೇಕಡಾ 94 ಮಂದಿಗೆ ಏನೋ ಒಂದು ಸದ್ದು ಕೇಳಿತ್ತು.

ಗುಮ್ಮಟದ_ಓಣಿ

ಇದನ್ನ ಓದಿ ಇವತ್ತ ಮುಂಜಾನೆ ಬಾಗಲಾ ತಗಿಯೂದರೊಳಗ ಗೋಳಗುಮ್ಮಟಕ್ಕ ಹೋಗಿದ್ದೆ. ಸಾಲಿ ಮಕ್ಕಳ ಬಸ್ ಬರೂಕಿಂತ ಮೊದಲು ಮ್ಯಾಲಿನ ಗ್ಯಾಲರಿಯಾಗ ಕಾಗದ ಹರಿದ್ರೂ ಎದುರಿನ ಕಡೆ ಕೇಳ್ತದ. ಪಿಸುಮಾತು ಗೋಡಿ ಹಿಡಕೊಂಡು ಬರ್ತದ. ಒಂಬತ್ತರ ಹೊತ್ತಿಗೆ ಎಲ್ಲಾರೂ ಸೀಟಿ, ಕೂಗು ಶುರು ಮಾಡಿದ್ರು. ಆಮ್ಯಾಲ ಪಕ್ಕದಾಂವ ಏನಂದ ಅಂತನೂ ತಿಳೀಲಿಲ್ಲ.

ನರಕೋಶ ಸರ ನನಗ ಬ್ಯಾರೆ ಕಳಿಸಿದ ಲೆಕ್ಕ ಇಲ್ಲೂ ಹಾಕ್ತೀನಿ. ಮಾತಿನ ಪ್ರತಿಧ್ವನಿ ಸುಮಾರು 50 ಮಿಲಿಸೆಕೆಂಡ್ ಒಳಗ ಬಂದ್ರ ಮಿದುಳು ಅದನ್ನ ಮೊದಲಿನ ಸದ್ದಿನೊಳಗ ಸೇರಿಸಿ ಒಂದ ಅಂತ ಕೇಳಸ್ತದ. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಸದ್ದು ಆಚಿ ಗೋಡಿಗೆ ಹೋಗಾಕ 110 ಮಿಲಿಸೆಕೆಂಡ್, ಹೊಳ್ಳಿ ಬರಾಕ ಮತ್ತ ಅಷ್ಟ. ಹಂಗಾಗಿ ಮಿದುಳಿಗೆ ಸೇರಿಸಾಕ ಆಗೂದಿಲ್ಲ, ಒಂದ ಚಪ್ಪಾಳಿ ಬಿಡಿ ಬಿಡಿಯಾಗಿ ಮರಳಿ ಮರಳಿ ಕೇಳ್ತದ. ನನ್ನ ಕೋಣೆಯಾಗ ಈ ಅಂತರಾನ ಆಟ ಆಡಬೇಕು ಅಂದ್ಕೊಂಡೀನಿ. ಒಂದ ಲಾಳಿ ಸದ್ದು, ಎರಡು ಸ್ಪೀಕರ್, ನಡುವ ಹೊತ್ತು 20ರಿಂದ 200 ಮಿಲಿಸೆಕೆಂಡಿಗೆ ಮೆಲ್ಲಗ ಹಿಗ್ಗಬೇಕು. ಒಂದು ಮಗ್ಗ ಎಲ್ಲಿ ಎರಡಾತು ಅಂತ ಕೇಳೋರ ಮಿದುಳ ಹೇಳಬೇಕು.

ಇನ್ನೊಂದು, ವಾಲ್ಯೂಮ್ ಗುಂಡಿ ಬಾಗಲ ಹತ್ರ, ಒಳಗ ಹೋಗೋರ ಕೈಗೆ ಸಿಗೂಹಂಗ ಇಡ್ತೀನಿ. ಮ್ಯಾಲಿನ ಮಿತಿ 70ಕ್ಕ ಕಟ್ಟಿ ಹಾಕಿರ್ತದ. ಲಾಳಿ ಅಣ್ಣಾ ಕೇಳಿದ ಪ್ರಶ್ನೆ ಗೋಡಿ ಮ್ಯಾಲ ಹಂಗ ಬರಿಯೂದು, ಪಕ್ಕಕ್ಕ ಎಂಟು ತಾಸಿಗೆ ಎಷ್ಟು ಡೆಸಿಬಲ್ ಅನ್ನೋ ಡಾಕ್ಟ್ರ ಲೆಕ್ಕ.

ಕಿವಿ_ಡಾಕ್ಟ್ರು

ಒಂದು ವಾಕ್ಯ ಸೇರಿಸಿ: ನರಕೋಶ ಅವರ ಹಕ್ಕಿಗೆ ಸತ್ತ ಕೂದಲಕೋಶ ಮತ್ತೆ ಬೆಳೆಯುತ್ತವೆ, 1988ರಿಂದ ಗೊತ್ತಿರುವ ಸಂಗತಿ. ಮನುಷ್ಯರಿಗೆ ಬೆಳೆಯುವುದಿಲ್ಲ.

ಲಾಳಿ_ಬನಹಟ್ಟಿ

ಗುಂಡಿ ಮಾತು ಸೇರತು. ನಮ್ಮ ಶೆಡ್ಡಿನ್ಯಾಗ ಅದ ಇಲ್ಲ ನೋಡ್ರಿ, ಗುಂಡಿ.

ರೆಕಾರ್ಡ್ ಮಾಡಾಕ ಬರ್ರಿ, ಅಪ್ಪಾರಿಗೆ ಹೇಳೀನಿ, ಯಾವ ಮಗ್ಗದ ಸದ್ದು ಚಲೋ ಅಂತ ಅವ್ರ ತೋರಸ್ತಾರಂತ. ಫೋನಿನ ಮೈಕ್ ನಡಿಯೂದಿಲ್ಲ, ಒಳಗ ಬಂದ ಕೂಡಲೇ ಸದ್ದು ಒಡದು ಬರೇ ಬರ್ರ್ ಅಂತ ಬರ್ತೈತಿ, ನಾವು ವಿಡಿಯೋ ಮಾಡಿ ನೋಡೀವಿ. ಮತ್ತ ಕಿವಿಗೆ ಹತ್ತಿ ಅರಳಿ ತುರಕಿಕೊಂಡು ಬರಬ್ಯಾಡ್ರಿ, ಅದರಿಂದ ಏನೂ ತಡಿಯೂದಿಲ್ಲ. ಔಷಧಿ ಅಂಗಡಿಯಾಗ ಸಿಗೂ ಫೋಮಿನ ಬಿರಡಿ ತರ್ರಿ. ನಿಮಗಷ್ಟ ಅಲ್ಲ, ಶೆಡ್ಡಿನ ಮಂದಿಗೂ ಸಾಕಾಗೂ ಅಷ್ಟು. ರೊಕ್ಕ ನಾ ಕೊಡ್ತೀನಿ.

ಸುಮ್ಕಿರ್ರಿ

ಬಿರಡಿ ರೊಕ್ಕ ನಾ ಕೊಡ್ತೀನಿ. ಟಿಕೀಟಿಂದು ಮಾತ್ರ ಕೇಳಬ್ಯಾಡ್ರಿ.